ಮರಗಮ್ಮ ಬ್ಯಾಡಂದಳು

"ಬಾಬೇ ಶಿವಿ, ಕೈ ತೊಳ್ಕೊಂಡು ಹೂ ಹಚ್ಚು. ನಾ ಕೇಳ್ತೇನಿ" ಎಂದಳು ಹಣಮವ್ವ.

ಮರಗಮ್ಮನ ಗುಡಿಯ ಪೂಜೆ ಹಣಮವ್ವನದು. ಊರಲ್ಲಿ ಯಾರಿಗೆ ಏನು ಗೊಂದಲವಾದರೂ ಇಲ್ಲಿಗೇ ಬರುತ್ತಾರೆ. ದೇವಿಯ ಎರಡೂ ಭುಜಕ್ಕೆ ಒಂದೊಂದು ಒದ್ದೆ ಹೂ ಹಚ್ಚಿ ಕೇಳುವುದು. ಬಲಗಡೆ ಹೂ ಮೊದಲು ಬಿದ್ದರೆ 'ಹೂಂ', ಎಡಗಡೆಯದು ಬಿದ್ದರೆ 'ಬ್ಯಾಡ'. ಹಚ್ಚುವ ಕೈ ಮಾತ್ರ ಸಣ್ಣ ಹುಡುಗಿಯದೇ ಆಗಬೇಕು. ಸಣ್ಣವರಿಗೆ ಕಪಟ ಗೊತ್ತಿಲ್ಲವಂತೆ. ಯಾರು ಹೇಳಿದರೋ, ಅವರ ಮನೆಯಲ್ಲಿ ಮಕ್ಕಳೇ ಇರಲಿಲ್ಲ ಅಂತ ಕಾಣುತ್ತದೆ!

ಇವತ್ತಿನ ಗೊಂದಲ ಶಿವಿಯ ಅಕ್ಕ ಜಯಮಾಲಾ, ಅಂದರೆ ಜಯಕ್ಕನದು. ಹೈದರಾಬಾದಿನ ಒಂದು ಎಂಬಿಎ ಕಾಲೇಜಿನವರು ಅವಳನ್ನು ಇಂಟರ್‌ವ್ಯೂಗೆ ಕರೆದಿದ್ದರು. ನಾಳೆ ಮುಂಜಾನೆಯೇ ಬಸ್ಸು ಹತ್ತಬೇಕು.

"ಹತ್ತು ಮಂದಿನ್ನ ಕರೀತಾರ ಮುತ್ಯಾ, ಒಬ್ಬರ್ನ ತಗೋತಾರ. ಎಲ್ಲಾರೂ ಇಂಗ್ಲಿಷ್ ಪಟಪಟ ಮಾತಾಡೋರೇ" ಎಂದಿದ್ದಳು ಜಯಕ್ಕ.

"ಆ ಒಬ್ಬಾಕಿ ನೀನೇ ಯಾಕಾಗಬಾರ್ದು?" ಎಂದಿದ್ದರು ಅವಳ ಅಜ್ಜ, ಮುತ್ಯಾ ರೇವಣಪ್ಪ. ಆಮೇಲೆ ಅವರಿಗೂ ಚಿಂತೆ ಹತ್ತಿತು. "ನಡಿ, ಮರಗಮ್ಮನ್ನ ಕೇಳಿಬಿಡೂಣು."

ಶಿವಿಗೆ ಒಂದೇ ಹೆದರಿಕೆ. ಸೀಟ್ ಸಿಕ್ಕರೆ ಅಕ್ಕ ಎರಡು ವರ್ಷ ಹಾಸ್ಟೆಲ್‌ಗೆ ಹೋಗುತ್ತಾಳೆ. ಅಮ್ಮ ಸತ್ತ ಮೇಲೆ ಶಿವಿಯ ಜಡೆ ಹಾಕುವವಳು, ರೊಟ್ಟಿ ಮುರಿದು ಹಾಲಿನಲ್ಲಿ ಕಲಸಿ ಕೊಡುವವಳು ಅಕ್ಕನೇ. ಅಕ್ಕನಿಲ್ಲದ ಮನೆಯಲ್ಲಿ ಇರುವುದಾದರೂ ಹೇಗೆ?

ಹಣಮವ್ವ ಕಣ್ಣು ಮುಚ್ಚಿದಳು. ಮುತ್ಯಾ ಕೈ ಮುಗಿದು ಕಣ್ಣು ಮುಚ್ಚಿದರು. ಶಿವಿ ಬಲಗಡೆ ಹೂವನ್ನು ಹಸಿ ಕುಂಕುಮದ ಮೇಲೆ ಒತ್ತಿ ಒತ್ತಿ ಹಚ್ಚಿದಳು. ಎಡಗಡೆಯದನ್ನು ಸುಮ್ಮನೆ ತಾಗಿಸಿ ಬಿಟ್ಟಳು.

"ನಮ್ಮ ಜಯಮಾಲಾನ್ನ ಕಳಿಸಬೇಕೋ ಬ್ಯಾಡೋ, ನೀನೇ ಹೇಳ ತಾಯಿ" ಎಂದಳು ಹಣಮವ್ವ.

ಕೇಳಿ ಮುಗಿಯುವುದರೊಳಗೆ ಎಡಗಡೆ ಹೂ ಬಿತ್ತು.

"ಆತು ಬಿಡವ್ವಾ. ದೇವಿ ಮಾತು ಮೀರಬಾರ್ದು" ಎಂದರು ಮುತ್ಯಾ. ಅವರ ದನಿ ಸಣ್ಣಗಾಗಿತ್ತು. ಶಿವಿಯ ಹಿಂದೆ ನಿಂತಿದ್ದ ಜಯಕ್ಕ ಬಗ್ಗಿ ಬಿದ್ದ ಹೂವನ್ನು ಎತ್ತಿ ದೇವಿಯ ಪಾದಕ್ಕಿಟ್ಟಳು.

ಮರುದಿನ ಮುಂಜಾನೆ ಹೈದರಾಬಾದ್ ಕಡೆ ಹೋಗುವ ಬಸ್ಸು ಹಾರನ್ ಹೊಡೆಯುತ್ತ ಹೋಯಿತು. ಜಯಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹಾರನ್ ಕೇಳಿ ಅವಳ ಕೈ ನಿಂತಿತು. ಸದ್ದು ಪೂರ್ತಿ ಅಡಗುವ ತನಕ ಹಾಗೇ ಕೂತಳು.

ಶಿವಿಗೆ ತಡೆಯಲಾಗಲಿಲ್ಲ. ಓಡಿಬಂದು ಅಕ್ಕನ ಮುಂದೆ ನಿಂತಳು.

"ಅಕ್ಕಾ, ಹೂ ತಾನೇ ಬೀಳಲಿಲ್ಲ. ನಾನೇ ಬೀಳಂಗ ಹಚ್ಚೀನಿ. ನೀ ಹೋಗ್ತಿ ಅಂತ... ಬೇಕಾದ್ರ ಹೊಡಿ."

ಜಯಕ್ಕ ಹೊಡೆಯಲಿಲ್ಲ. ತಲೆಯನ್ನೂ ಎತ್ತಲಿಲ್ಲ.

"ಗೊತ್ತದ. ನಾ ನಿನ್ನ ಹಿಂದೇ ನಿಂತಿದ್ದೆ. ನೋಡೀನಿ."

"ನೋಡೀದಿ? ಮತ್ತ ಮುತ್ಯಾಗ ಯಾಕ ಹೇಳಲಿಲ್ಲ?"

"ಅಂಜಿಕಿ ಬಂದಿತ್ತಬೇ ಶಿವಿ. ಹೋಗಿ, ಸೀಟ್ ಸಿಗದೇ ಬಂದಿದ್ರ ಜಯಮಾಲಾ ಫೇಲಾದ್ಳು ಅಂತಿದ್ರು ಮಂದಿ. ಈಗ ಹಂಗಲ್ಲ. ಮರಗಮ್ಮ ಬ್ಯಾಡಂದಳು ಅಂತಾರ, ಅಷ್ಟ."

ಅಷ್ಟು ಹೇಳಿ ಜಯಕ್ಕ ಒದ್ದೆ ಕೈಯಿಂದಲೇ ಮುಖ ಮುಚ್ಚಿಕೊಂಡಳು.

ಶಿವಿ ಕಣ್ಣು ಪಿಳಿಪಿಳಿ ಬಿಡುತ್ತ ನಿಂತಳು. ಬಸ್ಸಿನ ಕಂಡಕ್ಟರ್ ಜೊತೆ ಜಗಳಾಡಿ ಚಿಲ್ಲರೆ ವಾಪಸ್ ತರುವ ಅಕ್ಕ ಇವಳು! ಹಾವು ಬಂದಾಗ ಎಲ್ಲರೂ ಹೊರಗೆ ಓಡಿದರೆ ಕೋಲು ಹಿಡಿದು ಒಳಗೆ ಹೋದವಳು. ಇಂಥ ಅಕ್ಕನಿಗೂ ಅಂಜಿಕೆ ಇರುತ್ತದೆ ಎಂದು ಅವಳಿಗೆ ಇವತ್ತೇ ಗೊತ್ತಾದದ್ದು. ನಿನ್ನೆಯೇ ಗೊತ್ತಾಗಿದ್ದರೆ ಎರಡೂ ಹೂವನ್ನು ಒಂದೇ ಥರ ಹಚ್ಚುತ್ತಿದ್ದಳು.

ಮೆಲ್ಲಗೆ ಹೋಗಿ ಅಕ್ಕನ ಪಕ್ಕದಲ್ಲಿ ಕೂತಳು. ಅಕ್ಕ ಎಲ್ಲಿಗೂ ಹೋಗಿರಲಿಲ್ಲ, ಇಲ್ಲೇ ಇದ್ದಳು. ಶಿವಿಗೆ ಬೇಕಾಗಿದ್ದೂ ಅದೇ. ಆದರೂ ಅವಳಿಗೆ ಅಳು ತಡೆಯಲಾಗಲಿಲ್ಲ.