ಪಕ್ಕದ ಡಬ್ಬಿಯ ಸೆಲ್

ತಪ್ಪು ನನ್ನದು, ಸಾರಿ ಕೇಳುತ್ತಿದ್ದವನು ಅವನು.

"ನಾನೇ ಹಾಳು ಮಾಡಿದ್ದು, ಮೀಟರ್ ಮೇಡಂ. ಅವತ್ತು ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂತ ಫ್ರೆಂಡ್ ಕಾರಿನ ಬ್ಯಾಟರಿಯಿಂದ ವೈರ್ ಕೊಟ್ಟೆ. ನೀವು ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ರಿ, ನಾನು ಸುಟ್ಟು ಹಾಕ್ದೆ."

ಕಾರಿನ ಮೀಟರ್ ರಿಪೇರಿ ನನ್ನ ಕಸುಬು. ಅವನ ಭಾವನ ಹಳೇ ಕಾರಿನ ಮೀಟರ್ ನನ್ನ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಇಂಥ ಕೆಲವು ಹಳೇ ಮೀಟರ್‌ಗಳಲ್ಲಿ ಒಳಗಿನ ಬೋರ್ಡಿಗೆ ಬೆಸುಗೆ ಹಾಕಿದ ಎರಡು ಪುಟ್ಟ ಸೆಲ್‌ಗಳಿರುತ್ತವೆ. ಗಾಡಿ ಓಡುವಾಗ ಅವು ತಾವಾಗಿ ಚಾರ್ಜ್ ಆಗುತ್ತವೆ. ಮೂರು ತಿಂಗಳ ಹಿಂದೆ ಅವನ ಎದುರಿಗೇ ಹಳೆಯವನ್ನು ಕಿತ್ತು ಹೊಸವನ್ನು ಕೂರಿಸಿದ್ದು ನಾನೇ. ಈಗ ಅವೇ ಸೋರಿ, ಹಸಿರುಗಟ್ಟಿ, ಬೋರ್ಡಿನ ತಾಮ್ರದ ಗೆರೆಗಳನ್ನೆಲ್ಲ ತಿಂದುಬಿಟ್ಟಿದ್ದವು.

ವೈರ್ ಕೊಟ್ಟರೆ ಸೆಲ್ ಹೀಗೆ ಸೋರುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ನನಗೆ ಗೊತ್ತಾಯಿತು. ಚಾರ್ಜ್ ಆಗುವ ಸೆಲ್ ಬದಲು ಪಕ್ಕದ ಡಬ್ಬಿಯ ಮಾಮೂಲಿ ಸೆಲ್ ಹಾಕಿದ್ದೆ. ನೋಡಲು ಎರಡೂ ಒಂದೇ ಥರ. ಮಾಮೂಲಿ ಸೆಲ್ಲಿಗೆ ಚಾರ್ಜ್ ಹೋದರೆ ಅದರ ಹೊಟ್ಟೆ ಒಡೆಯುತ್ತದೆ.

ಗೊತ್ತಾಗಿ ನಾಲ್ಕು ದಿನವಾಗಿತ್ತು. ನಾಲ್ಕೂ ದಿನ ಅವನು ಬಂದ, ನಾಲ್ಕೂ ದಿನ ನಾನು "ನೋಡ್ತಿದೀನಿ" ಅಂದೆ. ಅವನು ಸ್ಟೂಲ್ ಎಳೆದುಕೊಂಡು ಕೂತು, ನನ್ನ ಭೂತಗನ್ನಡಿಯ ಆ ಕಡೆಯಿಂದ ಇಣುಕಿ, "ಇಲ್ಲಿಂದ ನೋಡಿದ್ರೆ ನಿಮ್ಮದು ಥೇಟ್ ಗೂಬೆ ಕಣ್ಣು" ಎಂದು ಕಾಡಿಸುತ್ತಿದ್ದ. ನಗು ತಡೆಯಲಾಗುತ್ತಿರಲಿಲ್ಲ. ನಕ್ಕ ಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತಿತ್ತು.

ಇವತ್ತು ಅವನು ಕಾಡಿಸಲಿಲ್ಲ.

"ಭಾವ ಮಾತು ಬಿಟ್ಟಿದ್ದಾರೆ. ನಾನು ಊಟಕ್ಕೆ ಕೂತ್ರೆ ಅವರು ಎದ್ದು ಹೋಗ್ತಾರೆ. ಪಾಪ ಅಕ್ಕ, ಇಬ್ಬರ ಮಧ್ಯೆ ಸಿಕ್ಕಿ ಒದ್ದಾಡ್ತಿದ್ದಾಳೆ." ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. "ಹೋಗ್ಲಿ ಬಿಡಿ. ಇನ್ನೊಂದು ವಿಷಯ ಹೇಳ್ಬೇಕಿತ್ತು. ನೀವು ಅಂದ್ರೆ ನನಗೆ..."

"ಬೇಡ," ಅಂದೆ. ಅವನ ಮುಖ ಸಪ್ಪಗಾಯಿತು. "ಮೊದಲು ನಾನು ಹೇಳ್ತೀನಿ."

ಹೇಳಿದೆ. ಡಬ್ಬಿ, ಸೆಲ್, ನಾಲ್ಕು ದಿನದ ಸುಳ್ಳು, ಎಲ್ಲ. ಎರಡೂ ಡಬ್ಬಿ ತಂದು ಎದುರಿಗಿಟ್ಟೆ. ಇವನನ್ನು ಇವತ್ತೇ ಕಳೆದುಕೊಳ್ಳುತ್ತೇನೆ ಅಂದುಕೊಂಡೆ.

ಅವನು ಎದ್ದು ನಿಂತ. ಸಿಟ್ಟು ಬಂದಿತ್ತು, ಬರಬೇಕಾದ್ದೇ.

"ಇಲ್ಲಿ ಕೂತು ನಿಮ್ಮ ಹತ್ರ ಸಾರಿ ಕೇಳ್ತಿದ್ದೆನಲ್ರೀ! ಒಂದು ಸ್ಕ್ರೂ ಹಾಕೋಕೂ ಎರಡೆರಡು ಸಲ ನೋಡೋರು ನೀವು. ಸೆಲ್ ಹೇಗ್ರೀ ಬದಲಾಯ್ತು?"

"ಸೆಲ್ ನೋಡ್ಲಿಲ್ಲ."

"ಮತ್ತೇನು ನೋಡ್ತಿದ್ರಿ?"

ಸೋಲ್ಡರಿಂಗ್ ಐರನ್ನಿನ ತುದಿ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

"ನಿಮ್ಮನ್ನ."

ಅವನು ಸಿಟ್ಟಿನಲ್ಲೇ ಇರಲು ನೋಡಿದ, ಕಿವಿಗಳು ಮಾತ್ರ ನಾಚಿ ಕೆಂಪಾದವು. ಕೊನೆಗೆ ಫೋನ್ ತೆಗೆದು, ನಂಬರ್ ಒತ್ತಿ, ನನ್ನ ಕೈಗೆ ಕೊಟ್ಟ.

"ಭಾವನಿಗೆ ಹಚ್ಚಿದೀನಿ. ತಪ್ಪು ಯಾರದ್ದು ಅಂತ ನೀವೇ ಹೇಳಿ."

"ಎಲ್ಲಾನೂ?"

"ಸೆಲ್ ವಿಷಯ ಎಲ್ಲಾನೂ." ಮತ್ತೆ ಸ್ಟೂಲ್ ಮೇಲೆ ಕೂತ. "ನೋಡ್ತಿದ್ದಿದ್ದು ಮಾತ್ರ ನನಗೇ ಇರ್ಲಿ."

ಆ ಕಡೆಯಿಂದ ಒರಟು ದನಿಯೊಂದು "ಏನು?" ಅಂದಿತು. ನಾನು ಕಣ್ಣೊರೆಸಿಕೊಂಡು, "ಸರ್, ನಿಮ್ಮ ಬಾಮೈದನದ್ದೇನೂ ತಪ್ಪಿಲ್ಲ" ಎಂದು ಶುರುಮಾಡಿದೆ.