ದೊಡ್ಡ ಅಕ್ಷರ

ನಾನು ಕಂಪ್ಯೂಟರ್ ರಿಪೇರಿಯವನು. ದೆವ್ವ ಎಂದರೆ ನಗುವ ಪೈಕಿ. ಆದರೂ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಅಂಗಡಿಯನ್ನು ನಾನೂ ಅಕ್ಕನೂ ಸೇರಿ ನಡೆಸುತ್ತಿದ್ದೆವು. ಕೆಟ್ಟ ಕಂಪ್ಯೂಟರ್ ಬಂದರೆ ಅಕ್ಕ ಸಿದ್ಧಮಾಡಿಟ್ಟಿದ್ದ ಪೆನ್‌ಡ್ರೈವ್ ಚುಚ್ಚಿ, ಅದರೊಳಗಿನ ಲಿನಕ್ಸ್ ಎಂಬ ತಂತ್ರಾಂಶದಿಂದಲೇ ಆನ್ ಮಾಡಿ, ಫೈಲುಗಳನ್ನು ಉಳಿಸಿಕೊಡುತ್ತಿದ್ದೆವು. ಆ ಲಿನಕ್ಸ್‌ಗೆ ನೆನಪೆಂಬುದೇ ಇಲ್ಲ. ಆಫ್ ಮಾಡಿದೊಡನೆ ನಾವು ಬದಲಿಸಿದ್ದೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ನನ್ನ ಮಂದಗಣ್ಣಿಗೆಂದು ಅಕ್ಕ ಪ್ರತಿ ಸಲವೂ ಅಕ್ಷರ ದೊಡ್ಡದು ಮಾಡಿಕೊಡಬೇಕಿತ್ತು.

"ಕನ್ನಡಕ ಹಾಕಿಸ್ಕೊಳ್ಳೋ ಪುಣ್ಯಾತ್ಮ, ಎಷ್ಟು ದಿನ ಅಂತ ಮಾಡ್ಕೊಡ್ಲಿ?" ಎನ್ನುತ್ತಿದ್ದಳು.

ಅವಳು ತೀರಿಕೊಂಡ ಮೂರು ವಾರಕ್ಕೆ ಅಂಗಡಿ ತೆರೆದೆ. ಡ್ರಾಯರಿನಿಂದ ತೆಗೆಯುವಾಗಲೇ ಪೆನ್‌ಡ್ರೈವ್ ಬೆಚ್ಚಗಿತ್ತು, ಯಾರೋ ಈಗಷ್ಟೇ ಬಳಸಿ ಇಟ್ಟಂತೆ. ಚುಚ್ಚಿದೆ. ಅಕ್ಷರ ದೊಡ್ಡದಾಗಿಯೇ ಬಂತು. ಪೆನ್‌ಡ್ರೈವಿನ ಪಕ್ಕದ ಗುಂಡಿ ಸರಿಸಿ, ಅದರಲ್ಲಿ ಏನೂ ಬರೆಯಲಾಗದಂತೆ ಲಾಕ್ ಮಾಡಿದೆ. ಬೇರೆ ಕಂಪ್ಯೂಟರಿಗೆ ಹಾಕಿದೆ. ಆಗಲೂ ದೊಡ್ಡದೇ.

ತಿಂಗಳಿಡೀ ಹೀಗೇ ಆಯಿತು. ಲ್ಯಾಪ್‌ಟಾಪ್ ತಂದಿದ್ದ ಟೈಲರಮ್ಮ ಪರದೆ ನೋಡಿ, "ಇದೇನಣ್ಣ, ಅಂಗಡಿ ಬೋರ್ಡ್ ಇದ್ದಂಗಿದೆ" ಎಂದರು.

"ನಮ್ಮಕ್ಕ ಮಾಡಿಟ್ಟಿದ್ದು" ಎಂದುಬಿಟ್ಟೆ.

ಕೊನೆಗೆ ಒಂದು ಸೋಮವಾರ ಅಕ್ಕನ ಮಾತು ಕೇಳಿ ಕನ್ನಡಕ ಹಾಕಿಸಿಕೊಂಡೆ. ಮಂಗಳವಾರ ಬೆಳಿಗ್ಗೆ ಪೆನ್‌ಡ್ರೈವ್ ತಣ್ಣಗಿತ್ತು. ಅಕ್ಷರ ಚಿಕ್ಕದಾಗಿ ಬಂತು. ಲಾಕ್ ಮಾತ್ರ ನಾನು ಹಾಕಿದ ಹಾಗೇ ಇತ್ತು.

ಈಗಲೂ ದಿನಾ ಅಂಗಡಿ ತೆರೆದೊಡನೆ ಕನ್ನಡಕ ತೆಗೆದಿಟ್ಟು, ಒಂದು ಸಲ ಆನ್ ಮಾಡಿ ನೋಡುತ್ತೇನೆ. ಚಿಕ್ಕದಾಗಿಯೇ ಬರುತ್ತದೆ.