ಆಡಿನ ಗಂಟು

"ಎಲ್ಲಿಗಿ ಹೊಂಟಿ, ಬೇಟಿ?" ಕಂಡಕ್ಟರ್ ಎರಡನೆಯ ಸಲ ಕೇಳಿದರು.

ಧನಶ್ರೀ ಆಧಾರ್ ಕಾರ್ಡನ್ನು ಇನ್ನಷ್ಟು ಮುಂದೆ ಹಿಡಿದಳು. ಬಾಯಿ ಮಾತ್ರ ತೆರೆಯಲಿಲ್ಲ.

"ಕಾರ್ಡ ನೋಡ್ದೆವ್ವ. ಊರು ಯಾವ್ದಂತ ಕೇಳಾಕತ್ತೀನಿ. ಹುಮನಾಬಾದೋ, ಹೈದರಾಬಾದೋ?"

ಧನಶ್ರೀ ಒಂದು ಬೆರಳು ತೋರಿಸಿದಳು. ಮೊದಲು ಹೇಳಿದ ಊರು ಎಂದು ಅವಳ ಅರ್ಥ. ಒಂದು ಟಿಕೆಟ್ ಎಂದು ಕಂಡಕ್ಟರ್ ತಿಳಿದರು.

"ಒಂದs, ಸರಿ. ಎಲ್ಲಿಗಿ?"

ಹಿಂದಿನ ಸೀಟಿನ ಅಜ್ಜಿ ಲೊಚಗುಟ್ಟಿದಳು. "ಪಾಪ, ಹುಡುಗಿಗಿ ಮಾತ ಬರಂಗಿಲ್ಲ ಕಾಣ್ತದ. ಯಾಕ ಕಾಡ್ತಿ ಬಿಡಪ್ಪ."

ಧನಶ್ರೀಯ ಕಿವಿ ಕೆಂಪಾದವು. ಏಳನೆಯ ಬಿ ಸೆಕ್ಷನ್‌ನಲ್ಲಿ ಅವಳಿಗಿಂತ ಹೆಚ್ಚು ಮಾತಾಡುವವರು ಯಾರೂ ಇರಲಿಲ್ಲ. ಅವಳನ್ನು ಕರೆದುಕೊಂಡು ಹೊರಟಿದ್ದ, ಬಳಗದ ಹಿರಿಯಳಾದ ಸ್ನೇಹಲ್ ಅಕ್ಕ ಪಕ್ಕದಲ್ಲೇ ಕೂತಿದ್ದಳು. ಅವಳು ನಗು ತಡೆದುಕೊಂಡು, "ಹುಮನಾಬಾದ್ ಎರಡು ಕೊಡ್ರಿ ಅಣ್ಣಾ. ಇಕಿದು ಇವತ್ತ ಬಾಯಿ ಬಂದ್, ಕೈ ಚಾಲೂ," ಎಂದಳು.

ಅದು ಹಸಿರು ದಾರದ ಬಳಗದ ನಿಯಮ.

ಆ ಬಳಗಕ್ಕೆ ಬೇಕೆಂದವರೆಲ್ಲ ಸೇರುವಂತಿಲ್ಲ. ಟೀಚರ್ ಕೂಡ ಆರಿಸುವುದಿಲ್ಲ. ವರ್ಷಕ್ಕೊಮ್ಮೆ ಪ್ರತಿಯೊಂದು ಸ್ಕೌಟ್ ಮತ್ತು ಗೈಡ್ ದಳದ ಮಕ್ಕಳೇ ಚೀಟಿ ಬರೆದು, ತಮ್ಮಲ್ಲಿ ಒಬ್ಬರನ್ನು ಕಳಿಸುತ್ತಾರೆ. ಹಾಗೆ ಬಂದವರು ತಮ್ಮ ದಳದಲ್ಲಿದ್ದುಕೊಂಡೇ, ಸುತ್ತಲಿನ ಸೊರಗಿದ ದಳಗಳಿಗೂ ಹೋಗಿ ನೆರವಾಗಬೇಕು. ಮೊದಲ ದಿನ ಮಾತ್ರ ಒಂದು ಕಟ್ಟುಪಾಡು. ಬಸ್‌ಸ್ಟ್ಯಾಂಡಿನಲ್ಲಿ ಕಾಲಿಟ್ಟಾಗಿನಿಂದ ಸಂಜೆ ಧ್ವಜ ಇಳಿಯುವವರೆಗೆ ಒಂದೇ ಒಂದು ಮಾತೂ ಆಡುವಂತಿಲ್ಲ. ದಿನ ಮುಗಿದ ಮೇಲೆ ಹೆಗಲಿಗೆ ಹಸಿರು ದಾರ ಬರುತ್ತದೆ.

ಬಸವಕಲ್ಯಾಣದ ಅವರ ದಳದ ಇಪ್ಪತ್ನಾಲ್ಕು ಚೀಟಿಗಳಲ್ಲಿ ಹತ್ತೊಂಬತ್ತು ಧನಶ್ರೀಯ ಹೆಸರಿನವು. ಒಂದು ನಿಮಿಷಕ್ಕೆ ಐದು ಗಂಟು ಹಾಕುವವಳು ಬೇರೆ ಯಾರಿದ್ದಾರೆ? ಅದಕ್ಕೇ ಆರಿಸಿದ್ದಾರೆ ಎಂದು ಅವಳಿಗೆ ಅನುಮಾನವೇ ಇರಲಿಲ್ಲ.

ಹುಮನಾಬಾದಿನಲ್ಲಿ ಇಳಿದು, ಟಂಟಂ ಆಟೋ ಹಿಡಿದು, ನಿರ್ಣಾ ರಸ್ತೆಯ ಒಂದು ಸಣ್ಣ ಹಳ್ಳಿಯ ಶಾಲೆಗೆ ಬಂದಾಗ ಹನ್ನೊಂದೂವರೆ. ಅಂಗಳದಲ್ಲಿ ಎಂಟು ಮಕ್ಕಳು ನಿಂತಿದ್ದರು. ಮೂವರ ಕೊರಳಲ್ಲಷ್ಟೇ ಸ್ಕಾರ್ಫ್ ಇತ್ತು. ನೆಲದ ಮೇಲೆ ಎರಡು ಬಿದಿರು, ಮೂರು ಗೂಟ, ಒಂದು ರಾಶಿ ಹಗ್ಗ.

"ನಾನು ಭೀಮಬಾಯಿ. ಲೀಡರ್," ಎಂದಳು ಎರಡು ಜಡೆಯ ಹುಡುಗಿ. "ನಮ್ಮ ಸ್ಕೌಟ್ ಮಾಸ್ತರಗ ಟ್ರಾನ್ಸ್‌ಫರ್ ಆತು. ಮೊದಲ ಇಪ್ಪತ್ ಮಂದಿ ಇದ್ದೆವು. ಈಗ ಇಷ್ಟs."

ತಾಲೂಕಿನ ಸ್ಕೌಟ್ ಕಾರ್ಯದರ್ಶಿ ಬಸವಣಪ್ಪ ಸರ್ ನಾಲ್ಕು ಗಂಟೆಗೆ ಬರುವವರಿದ್ದರು. ಮಕ್ಕಳೇ ಕಂಬ ನಿಲ್ಲಿಸಿ ಧ್ವಜ ಹಾರಿಸಿದರೆ ದಳ ಉಳಿಯುತ್ತದೆ. ಇಲ್ಲದಿದ್ದರೆ ಹುಮನಾಬಾದಿನ ದಳದ ಜೊತೆ ಕೂಡಿಸಿಬಿಡುತ್ತಾರೆ.

"ಅಲ್ಲಿ ಐತವಾರ ಕ್ಲಾಸ್ ಇರ್ತದ," ಎಂದಳು ಭೀಮಬಾಯಿ. "ಐತವಾರ ಆಡು ಯಾರ ಕಾಯಬೇಕು? ನಮ್ಮಪ್ಪ ಕಳಸಂಗಿಲ್ಲ. ಇವರಪ್ಪನೂ ಕಳಸಂಗಿಲ್ಲ."

ಧನಶ್ರೀ ತಲೆಯಾಡಿಸಿದಳು.

"ಅಕ್ಕಗ ಬಾಯಿ ಇಲ್ಲೇನು?" ನಾಲ್ಕನೆಯ ಕ್ಲಾಸಿನ ಸೂರ್ಯಕಾಂತ ಬಗ್ಗಿ ಅವಳ ಮುಖ ನೋಡಿದ.

"ಬಾಯಿ ಅದಲೇ. ಇವತ್ತ ಅದು ರಜಾ ಮ್ಯಾಲ ಅದ," ಎಂದು ಸ್ನೇಹಲ್ ಅಕ್ಕ ನಿಯಮ ತಿಳಿಸಿ, ಹಳೆಯವರ ಜಾಗಕ್ಕೆ ಬಂದಿದ್ದ ಹೊಸ ಮಾಸ್ತರರಿಗೆ ದಳದ ಕಾಗದಪತ್ರ ತೋರಿಸಲು ಆಫೀಸಿನ ಒಳಗೆ ಹೋದಳು.

ಎರಡು ಬಿದಿರುಗಳ ತುದಿಗಳನ್ನು ಒಂದರ ಪಕ್ಕ ಒಂದಿಟ್ಟು ಕಟ್ಟಬೇಕು. ಆಮೇಲೆ ಕಂಬವನ್ನು ಎತ್ತಿ, ಮೂರು ಕಡೆ ಹಗ್ಗ ಎಳೆದು ಗೂಟಕ್ಕೆ ಬಿಗಿಯಬೇಕು. ಎಲ್ಲ ಕಡೆಗೂ ಬೇಕಾದದ್ದು ಒಂದೇ ಗಂಟು, ಕ್ಲೋವ್ ಹಿಚ್.

ಭೀಮಬಾಯಿ ಮಾಸ್ತರರ ಹಳೆಯ ಪುಸ್ತಕ ಬಿಚ್ಚಿ ನೆಲದ ಮೇಲಿಟ್ಟಳು. ಚಿತ್ರ ನೋಡುತ್ತ ಹಗ್ಗ ಸುತ್ತಿದಳು. ಪುಸ್ತಕ ತಿರುಗಿಸಿದಳು. ಮತ್ತೆ ಸುತ್ತಿದಳು. ಸೂರ್ಯಕಾಂತ ಎಳೆದ ಕೂಡಲೇ ಗಂಟು ಸರ್ರನೆ ಜಾರಿತು.

'ಎಡಕ್ಕಲ್ಲ, ಬಲಕ್ಕೆ!' ಮಾತು ಧನಶ್ರೀಯ ನಾಲಿಗೆಯ ತುದಿಗೆ ಬಂದು ನಿಂತಿತು. ತುಟಿ ಬಿಗಿಹಿಡಿದಳು. ಮೂರನೆಯ ಸಲವೂ ಜಾರಿತು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ. ಹೀಗಾದರೆ ಸಂಜೆಯಾದರೂ ಆಗುವುದಿಲ್ಲ.

ಅವಳು ಹಗ್ಗವನ್ನು ಭೀಮಬಾಯಿಯ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ಕೈ ಚಾಲೂ ಎಂದಿದ್ದಳಲ್ಲ ಸ್ನೇಹಲ್ ಅಕ್ಕ! ಸರಸರನೆ ಸುತ್ತಿ, ಬಿಗಿದು, ಬಿದಿರು ಜೋಡಿಸಿದಳು. ಸನ್ನೆ ಮಾಡಿ ಕಂಬ ಎತ್ತಿಸಿದಳು. ಗೂಟದಿಂದ ಗೂಟಕ್ಕೆ ಓಡಿದಳು. ಎರಡೂಕಾಲು ಗಂಟೆಗೆ ಕಂಬ ಸೂಜಿಯಂತೆ ನೆಟ್ಟಗೆ ನಿಂತಿತ್ತು.

ಧನಶ್ರೀ ಕೈ ಕೊಡವಿ ತಿರುಗಿದಳು. ಚಪ್ಪಾಳೆ ಬರಬಹುದು ಅಂದುಕೊಂಡಿದ್ದಳು.

ಯಾರೂ ತಟ್ಟಲಿಲ್ಲ. ಸೂರ್ಯಕಾಂತ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದ. ಇಬ್ಬರು ಹುಡುಗಿಯರು ಬೇವಿನ ಮರದ ಕೆಳಗೆ ಹೋಗಿ ಕೂತಿದ್ದರು.

"ಛಂದ ಆಗ್ಯದ," ಎಂದಳು ಭೀಮಬಾಯಿ. ಸಿಟ್ಟೇನೂ ಇರಲಿಲ್ಲ ಅವಳ ದನಿಯಲ್ಲಿ. "ಖರೇ ಹೇಳಲೇನು? ಇದು ನಿನ್ನ ಕಂಬ. ನೀ ಸಂಜಿ ಬಸ್ಸಿಗಿ ಹೋಗ್ತಿ. ನಾಳಿಗಿ ಗಾಳಿಗಿ ಬಿತ್ತಂದ್ರ ಯಾರ ಕಟ್ಟಬೇಕು? ಸರ್ ಬಂದು, ಒಂದು ಗಂಟ ಬಿಚ್ಚಿ ಕಟ್ಟು ಅಂದ್ರ ನಾ ಏನ್ ಮಾಡ್ಲಿ?"

ಬಾಯಿ ಇದ್ದಿದ್ದರೆ ಧನಶ್ರೀ ಹತ್ತು ಉತ್ತರ ಕೊಡುತ್ತಿದ್ದಳು. ಟೈಮ್ ಇಲ್ಲವಲ್ಲ ಎನ್ನುತ್ತಿದ್ದಳು. ನಿಮಗೋಸ್ಕರವೇ ಮಾಡಿದೆ ಎನ್ನುತ್ತಿದ್ದಳು. ಈಗ ಆ ಪ್ರಶ್ನೆ ಕೇಳಿಸಿಕೊಂಡು ಸುಮ್ಮನೆ ನಿಲ್ಲಬೇಕಾಯಿತು. ನಿಂತಷ್ಟೂ ಅದು ದೊಡ್ಡದಾಯಿತು.

ಅವಳು ಗಡಿಯಾರ ನೋಡಿದಳು. ಎರಡೂವರೆ.

ಮೊದಲ ಗೂಟದ ಹತ್ತಿರ ಹೋಗಿ ತಾನು ಹಾಕಿದ ಗಂಟನ್ನು ಬಿಚ್ಚಿದಳು.

"ಏ ಅಕ್ಕಾ! ಬೀಳ್ತದ!" ಸೂರ್ಯಕಾಂತ ಕಂಬವನ್ನು ತಬ್ಬಿ ಹಿಡಿದ. ಮರದ ಕೆಳಗಿನವರೂ ಓಡಿಬಂದು ಹಿಡಿದರು. ಎಲ್ಲರೂ ಸೇರಿ ಕಂಬವನ್ನು ನಿಧಾನವಾಗಿ ಮಲಗಿಸಿದರು. ಧನಶ್ರೀ ಜೋಡಣೆಯ ಹಗ್ಗವನ್ನೂ ಬಿಚ್ಚಿದಳು. ಆಮೇಲೆ ಗೂಟದ ಮುಂದೆ ಮಂಡಿಯೂರಿ ಕೂತು, ಪಕ್ಕದ ನೆಲ ತಟ್ಟಿದಳು. ಭೀಮಬಾಯಿ ಕೂತಳು.

ಧನಶ್ರೀ ಒಂದು ಸುತ್ತು ಹಾಕಿ ನಿಲ್ಲಿಸಿದಳು. ಭೀಮಬಾಯಿಯೂ ಹಾಕಿದಳು. ಹಗ್ಗ ಅದರ ಮೇಲೆ ಅಡ್ಡ ಹಾಯ್ದು ಇನ್ನೊಂದು ಸುತ್ತು. ಇಷ್ಟು ನಿಧಾನವಾಗಿ ಅವಳು ಎಂದೂ ಗಂಟು ಹಾಕಿರಲಿಲ್ಲ. ತನ್ನ ಬೆರಳು ಏನು ಮಾಡುತ್ತವೆ ಎಂದು ಅವಳೇ ಮೊದಲ ಸಲ ನೋಡುತ್ತಿದ್ದಳು. ಕಡೆಗೆ ತುದಿಯನ್ನು ಅಡ್ಡ ಹಗ್ಗದ ಕೆಳಗೆ ತೂರಿಸಿದಳು.

ಭೀಮಬಾಯಿಯ ಕೈ ಅರ್ಧಕ್ಕೆ ನಿಂತಿತು. ಗಂಟನ್ನೇ ದಿಟ್ಟಿಸಿದಳು.

"ತಡಿ ತಡಿ." ಅವಳು ಹಗ್ಗ ಬಿಚ್ಚಿ, ಗೂಟವನ್ನು ನೋಡದೆಯೇ, ಎರಡು ಬಾರಿ ಕೈ ತಿರುವಿದಳು. ಅದೇ ಗಂಟು! "ಏ, ಇದು ನಮ್ಮ ಆಡಿನ ಗಂಟ ಅದಲೇ! ದಿನಾ ಸಂಜಿಗಿ ಗೂಟಕ್ಕ ಕಟ್ತೀವಲ್ಲ, ಅದs!"

"ಹೌದಲೇ!" ಸೂರ್ಯಕಾಂತ ಕೇಕೆ ಹಾಕಿದ. "ಪುಸ್ತಕದಾಗ ಆಡು ಇಲ್ಲ, ಅದಕ್ಕs ತಿಳಿದಿಲ್ಲ!"

ಆಮೇಲೆ ಅಂಗಳದಲ್ಲಿ ಹಗ್ಗಕ್ಕೆ ಜಗಳ ಶುರುವಾಯಿತು. ಆಡು ಕಟ್ಟಿ ಗೊತ್ತಿದ್ದ ಐವರು ಗೊತ್ತಿಲ್ಲದ ಮೂವರಿಗೆ ಕಲಿಸಿದರು. ಬೈದರು, ನಕ್ಕರು, ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಧನಶ್ರೀ ಬಿದಿರಿನ ತುದಿ ಹಿಡಿದು ಕೂತಳು, ಅಷ್ಟೆ. ಗಂಟು ಒಂದು ಕಡೆ ಸಡಿಲಾಗಿತ್ತು. ಅವಳ ಬೆರಳು ತುರಿಸಿದವು. ಖಾಲಿ ಇದ್ದ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಅಷ್ಟರಲ್ಲಿ ಭೀಮಬಾಯಿ ತಾನೇ ನೋಡಿ ಬಿಗಿದಳು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಕಂಬ ನಿಂತಿತು. ಸೂಜಿಯಂತೆ ಅಲ್ಲ. ಸ್ವಲ್ಪ ಬೇವಿನ ಮರದ ಕಡೆ ವಾಲಿತ್ತು.

ಬಸವಣಪ್ಪ ಸರ್ ಬೈಕ್ ನಿಲ್ಲಿಸಿ ಬಂದರು. ಕಂಬದ ಸುತ್ತ ಒಂದು ಸುತ್ತು ಹಾಕಿದರು. ಹಗ್ಗಗಳನ್ನು ಒಂದೊಂದಾಗಿ ಜಗ್ಗಿ ನೋಡಿದರು.

"ಲೀಡರ್ ಯಾರು? ಈ ಗಂಟ ಬಿಚ್ಚಿ ಕಟ್ಟವ್ವ."

ಭೀಮಬಾಯಿ ಬಿಚ್ಚಿದಳು. ಉಳಿದವರು ಕಂಬ ಹಿಡಿದರು. ಸರ್ ಮುಖ ನೋಡುತ್ತಲೇ ಅವಳು ಗೂಟಕ್ಕೆ ಗಂಟು ಹಾಕಿ, ಕೈ ಹಿಂದೆ ಕಟ್ಟಿ ನಿಂತಳು.

"ಏನಂತಾರ ಇದಕ್ಕ?"

"ಪುಸ್ತಕದಾಗ ಕ್ಲೋವ್ ಹಿಚ್ ಅಂತಾರ್ರಿ. ನಾವು ಆಡಿನ ಗಂಟ ಅಂತೀವ್ರಿ."

ಬಸವಣಪ್ಪ ಸರ್ ಜೋರಾಗಿ ನಕ್ಕರು. ಆಮೇಲೆ ಧ್ವಜ ಮೇಲೇರಿತು. ತುದಿಯಲ್ಲಿ ಒಂದು ಕ್ಷಣ ಮುದುಡಿಯೇ ನಿಂತಿತು. ಭೀಮಬಾಯಿ ಹಗ್ಗವನ್ನು ಒಮ್ಮೆ ಝಾಡಿಸಿದಳು. ಧ್ವಜ ಬಿಚ್ಚಿಕೊಂಡಿತು.

"ಈ ದಳ ಇಲ್ಲೇ ಇರ್ಲಿ," ಎಂದು ಸರ್ ಕಾಗದದ ಮೇಲೆ ಸಹಿ ಮಾಡಿದರು. ಆಮೇಲೆ ಧನಶ್ರೀಯ ಕಡೆ ತಿರುಗಿದರು. "ಬಸವಕಲ್ಯಾಣದ ಅಕ್ಕ ಏನ್ ಮಾಡಿದ್ಳು?"

ಮಕ್ಕಳು ಮುಖ ಮುಖ ನೋಡಿಕೊಂಡರು.

"ನಮ್ಮ ಬಾಜೂಕ ಕುಂತಿದ್ಳ್ರಿ," ಎಂದಳು ಭೀಮಬಾಯಿ.

ಸರ್ ಆಫೀಸಿನಿಂದ ಹೊರಗೆ ಬಂದಿದ್ದ ಸ್ನೇಹಲ್ ಅಕ್ಕನನ್ನು ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು. ಅವಳೂ ತಲೆಯಾಡಿಸಿದಳು.

ಐದಕ್ಕೆ ಧ್ವಜ ಇಳಿಯಿತು. ಸ್ನೇಹಲ್ ಅಕ್ಕ ಬ್ಯಾಗಿನಿಂದ ಹಸಿರು ದಾರ ತೆಗೆದು ಧನಶ್ರೀಯ ಹೆಗಲಿಗೆ ಹಾಕಿದಳು. "ಆತು. ಈಗ ಮಾತಾಡು. ಇಡೀ ದಿನದ್ದು ಹೊಟ್ಟಿ ತುಂಬ ಕುಂತಿರ್ಬೇಕು!"

ಧನಶ್ರೀ ಬಾಯಿ ತೆರೆಯುವಷ್ಟರಲ್ಲಿ ಭೀಮಬಾಯಿ ಅವಳ ತೋಳು ಹಿಡಿದಳು.

"ಇನ್ನೊಂದು ಗಂಟ ಅದ ನಮ್ಮಲ್ಲಿ, ಗೊತ್ತೇನು? ಆಡಿನ ಕೊರಳಿಗಿ ಹಾಕೋದು. ಎಷ್ಟ ಜಗ್ಗಿದ್ರೂ ಕೊರಳ ಬಿಗಿಯಂಗಿಲ್ಲ. ನಮ್ಮ ಅಜ್ಜ ಕಲಿಸ್ಯಾನ."

ಅದು ಪುಸ್ತಕದ ಬೋಲೈನ್ ಗಂಟು ಇರಬೇಕು. ಧನಶ್ರೀ ಅದನ್ನು ಹತ್ತು ಸೆಕೆಂಡಿನಲ್ಲಿ ಹಾಕಬಲ್ಲಳು. ಆ ಹೆಸರು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಈಗ ಯಾವ ನಿಯಮವೂ ಅಡ್ಡ ಇರಲಿಲ್ಲ.

ದೂರದಲ್ಲಿ ಟಂಟಂ ಹಾರ್ನ್ ಕೇಳಿಸಿತು. ಇನ್ನೂ ರಸ್ತೆಯ ತಿರುವಿನಲ್ಲಿತ್ತು.

ಧನಶ್ರೀ ಸಮವಸ್ತ್ರದ ಸೊಂಟಕ್ಕೆ ಸುತ್ತಿದ್ದ ತನ್ನ ಹಗ್ಗ ಬಿಚ್ಚಿ ಭೀಮಬಾಯಿಯ ಕೈಗೆ ಕೊಟ್ಟಳು. ನೆಲದ ಮೇಲೆ ಕೂತಳು.

"ತೋರಿಸು," ಎಂದಳು.